ಕೂತ್ಕೊಳ್ಳಿ ಆಂಟಿ

ಸಿಂಕಿನ ಮುಂದೆ ಹಗ್ಗಜಗ್ಗಾಟ ನಡೆದಿತ್ತು. ಹಗ್ಗವಿರಲಿಲ್ಲ, ಊಟದ ತಟ್ಟೆಯಿತ್ತು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ವಿದೇಶದ ಆಂಟಿ.

"ನಾನು ತೊಳೀತೀನಿ," ಅಂದರು ಆಂಟಿ, ಇಂಗ್ಲಿಷಿನಲ್ಲಿ.

"ಎಲ್ಲಾದ್ರೂ ಉಂಟಾ? ನೀವು ಕೂತ್ಕೊಳ್ಳಿ," ಅಂದಳು ಅಮ್ಮ.

ಅಮ್ಮನೇ ಗೆದ್ದಳು. ಸ್ಟೀಲ್ ತಟ್ಟೆ ಮಾತ್ರ ಅವತ್ತು ಮೊಟ್ಟೆಯಾಕಾರಕ್ಕೆ ತಿರುಗಿದ್ದು ಇನ್ನೂ ಸರಿಹೋಗಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗಳು ಬಟನ್, ಬೆರಳು ಮಡಚಿ ಲೆಕ್ಕ ಹಾಕಿದಳು. ಮೂರು ದಿನದಲ್ಲಿ ಅಮ್ಮ ಒಂಬತ್ತು, ಆಂಟಿ ಸೊನ್ನೆ. ಟೈಲರ್ ಮಗಳಾದ್ದರಿಂದ ಅವಳನ್ನು ಇಡೀ ಬೀದಿ ಬಟನ್ ಅಂತಲೇ ಕರೆಯುತ್ತಿತ್ತು.

ಅಪ್ಪ ಸೇವಾ ಕ್ಲಬ್ಬಿನ ಮೆಂಬರ್. ಬೇರೆ ದೇಶದಲ್ಲೂ ಅಂಥದೇ ಒಂದು ಕ್ಲಬ್ ಇತ್ತು. ಒಂದು ವರ್ಷ ಇವರು ಅಲ್ಲಿಗೆ, ಇನ್ನೊಂದು ವರ್ಷ ಅವರು ಇಲ್ಲಿಗೆ. ಬಂದವರು ಒಂದು ವಾರ ಮೆಂಬರುಗಳ ಮನೆಯಲ್ಲೇ ಇದ್ದು, ಎಲ್ಲರ ಜೊತೆ ಸೇರಿ ಏನಾದರೊಂದು ಕೆಲಸ ಮಾಡಿ ಹೋಗುತ್ತಿದ್ದರು. ಈ ಸಲ ಮಕ್ಕಳ ಆಸ್ಪತ್ರೆಗೆ ಬಣ್ಣ ಬಳಿಯುವ ಕೆಲಸ.

ಟೈಲರ್ ಮನೆಗೆ ಬಂದ ಆಂಟಿ ತಮ್ಮೂರಲ್ಲಿ ಬಸ್ ಡ್ರೈವರ್. ಎಷ್ಟು ಎತ್ತರವೆಂದರೆ, ಮನೆಯ ಫ್ಯಾನಿನ ಮೇಲೆ ಧೂಳಿರುವುದು ಅವರು ಬಂದಮೇಲೆಯೇ ಎಲ್ಲರಿಗೂ ಗೊತ್ತಾಯಿತು. ಮೊದಲ ದಿನವೇ ಅವರು ಎರಡು ಬೆರಳು ಬಾಯಿಗಿಟ್ಟು ಒಂದು ವಿಸಲ್ ಹಾಕಿದ್ದರು. ಮೇನ್ ರೋಡಿನಲ್ಲಿ ಹೋಗುತ್ತಿದ್ದ ಬಸ್ಸು ಸ್ಟಾಪಿಲ್ಲದ ಕಡೆ ನಿಂತಿತು. ಹೊರಡುವುದರೊಳಗೆ ಬಟನ್‌ಗೂ ಕಲಿಸುವುದಾಗಿ ಮಾತು ಕೊಟ್ಟಿದ್ದರು. ಬಟನ್ ಬಾಯಿಂದ ಇಲ್ಲಿಯವರೆಗೆ ಬಂದಿದ್ದು ಗಾಳಿ, ಜೊತೆಗೆ ಸ್ವಲ್ಪ ಉಗುಳು.

ಅಷ್ಟರಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ಮಾಡಿದ್ದು ಕ್ಲಬ್ಬಿನ ಪ್ರೆಸಿಡೆಂಟ್ ಆಗಿದ್ದ ಹಲ್ಲಿನ ಡಾಕ್ಟರ್.

"ನಗೋದೇ ಇಲ್ಲ ಸರ್," ಅಂದ ಅಪ್ಪ, ದನಿ ಇಳಿಸಿ. "ಸೋಫಾದಲ್ಲಿ ಗೊಂಬೆ ಥರ ಕೂತಿರ್ತಾರೆ. ಒಂದು ಕಡ್ಡಿ ಎತ್ತಿಡೋಕೂ ಬಿಟ್ಟಿಲ್ಲ ಸರ್ ನಾವು."

ಫೋನಿಟ್ಟು ನಿಟ್ಟುಸಿರು ಬಿಟ್ಟ. "ಸಂಜೆ ಬಂದು ಅವರ ಮನೆಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ಇಬ್ಬರು ಕೆಲಸದವರಿದ್ದಾರೆ."

ಬಟನ್ ಅಪ್ಪನ ತೋಳು ಹಿಡಿದಳು. ವಿಸಲ್ ಅರ್ಧಕ್ಕೇ ನಿಂತಿತಲ್ಲ.

"ಅಪ್ಪಾ, ನಿನ್ನೆ ಆಸ್ಪತ್ರೆಲಿ ನಗ್ತಾ ಇದ್ರು. ಮೂಗಿಗೆಲ್ಲ ಹಸಿರು ಬಣ್ಣ ಮೆತ್ಕೊಂಡು."

"ಅಲ್ಲಿ ಕೆಲಸ ಇರುತ್ತಲ್ಲಮ್ಮ. ಇವತ್ತು ಅದಕ್ಕೂ ರಜೆ," ಅಂದ ಅಪ್ಪ ಬೇಜಾರಿನಿಂದ.

ಬಟನ್‌ಗೆ ಅತ್ತೆ ಮನೆ ನೆನಪಾಯಿತು. ರಜೆಗೆ ಹೋದಾಗ ಮೊದಲ ಎರಡು ದಿನ, "ನೀನು ಕೂತ್ಕೋ ಪುಟ್ಟಿ," ಅಂತ ಎಲ್ಲರೂ ಉಪಚಾರ ಮಾಡಿದ್ದರು. ಅವಳಿಗೆ ಅಳುವೇ ಬಂದಿತ್ತು. ಮೂರನೇ ದಿನ ಅತ್ತೆ, "ಏನೇ, ಸುಮ್ನೆ ಕೂತಿದೀಯ? ಈ ಬಟ್ಟೆ ಮಡಚು," ಅಂತ ರೇಗಿದರು. ಆಮೇಲೆ ಅವಳಿಗೆ ವಾಪಸ್ ಬರುವ ಮನಸ್ಸೇ ಆಗಿರಲಿಲ್ಲ.

ಬಟನ್ ಅಪ್ಪನ ಮೆಷಿನ್ ಹತ್ತಿರ ಓಡಿದಳು. ಸ್ಕೂಲ್ ಬ್ಯಾಂಡಿನ ಕೋಟುಗಳ ರಾಶಿಯಿಂದ ಒಂದನ್ನು ಎಳೆದು, ಸೂಜಿ, ದಾರ, ನಾಲ್ಕು ಗುಂಡಿಗಳ ಸಮೇತ ಆಂಟಿಯ ತೊಡೆಯ ಮೇಲಿಟ್ಟಳು.

"ಏಯ್, ಮನೆಗೆ ಬಂದವರ ಕೈಲಿ ಕೆಲಸ ಮಾಡಿಸ್ತೀಯಾ?" ಅಂದ ಅಪ್ಪ.

ಆಗಲೇ ಆಂಟಿ ನಾಲಿಗೆ ಹೊರಗೆ ಚಾಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಅರ್ಧ ಗಂಟೆ ತಲೆಯೆತ್ತಲಿಲ್ಲ. ಕೊನೆಗೆ ಹೆಮ್ಮೆಯಿಂದ ಎದ್ದು ನಿಂತರು. ಕೋಟೂ ಅವರ ಜೊತೆಗೇ ಎದ್ದಿತು. ಗುಂಡಿ ಕೋಟಿಗೂ, ಕೋಟು ಅವರ ಸ್ಕರ್ಟಿಗೂ ಸೇರಿ ಹೊಲಿಗೆ ಬಿದ್ದಿತ್ತು.

ಅಪ್ಪ ಹತ್ತಿರ ಹೋಗಿ ಗುಂಡಿ ಜಗ್ಗಿ ನೋಡಿದ. "ಗಟ್ಟಿಯಾಗೇನೋ ಇದೆ," ಅಂದ.

ಆಂಟಿ ನಕ್ಕರು. ಬಸ್ಸಿನ ಹಾರನ್ನಿನಂಥ ನಗು. ಕಿಟಕಿಯ ಮೇಲೆ ಮಲಗಿದ್ದ ಬೆಕ್ಕು ಬೇರೆ ಬೀದಿಗೆ ಮನೆ ಬದಲಾಯಿಸಿತು.

ಇದಕ್ಕೇ ಕಾದಿದ್ದವರಂತೆ, ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೋಲೆತ್ತಿ ಅಡುಗೆಮನೆಯ ಅಟ್ಟ ತೋರಿಸಿದರು. "ಮೂರು ದಿನದಿಂದ ಕೇಳೋಣ ಅಂತಿದ್ದೆ, ಇವರು ಬಿಡ್ಲಿಲ್ಲ. ಏಳಮ್ಮ, ಆ ದೊಡ್ಡ ಡಬ್ಬ ಇಳಿಸು."

ಆಂಟಿ ಕೋಟನ್ನು ಬಾಲದಂತೆ ಎಳೆದುಕೊಂಡೇ ಹೋಗಿ, ತುದಿಗಾಲಲ್ಲೂ ನಿಲ್ಲದೆ ಡಬ್ಬ ಇಳಿಸಿದರು. ಅದರೊಳಗೆ ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಅಜ್ಜಿಯ ಕನ್ನಡಕವಿತ್ತು. ಅಜ್ಜಿ ಅದನ್ನು ಹಾಕಿಕೊಂಡು ಆಂಟಿಯನ್ನು ಕೆಳಗಿಂದ ಮೇಲಕ್ಕೆ ನೋಡಿದರು. "ಅಯ್ಯೋ, ಇನ್ನೂ ಇದೀಯಲ್ಲೇ ಮೇಲೆ," ಅಂದರು.

ಸಂಜೆ ಪ್ರೆಸಿಡೆಂಟ್ ಕಾರಿನಲ್ಲಿ ಬಂದಾಗ ಆಂಟಿ ಆರನೇ ಕೋಟು ಮುಗಿಸುತ್ತಿದ್ದರು. ತಲೆಯೆತ್ತಿ, ಈ ಮನೆಯಲ್ಲಿ ತಾವು ಚೆನ್ನಾಗಿ ಕಲಿತಿದ್ದ ಮಾತನ್ನು ಹೇಳಿದರು.

"ಕೂತ್ಕೊಳ್ಳಿ."

ಡಾಕ್ಟರ್ ಕೂತರು. ಆಂಟಿ ಅವರ ಕೈಗೂ ಒಂದು ಸೂಜಿ ಕೊಟ್ಟರು. ಏಳನೇ ಕೋಟು ಮುಗಿಯುವ ಹೊತ್ತಿಗೆ ಬಂದ ಕೆಲಸವೇ ಅವರಿಗೆ ಮರೆತುಹೋಗಿತ್ತು. ಒಬ್ಬರೇ ಮನೆಗೆ ಹೋದರು.

ಊಟವಾದ ಮೇಲೆ ಆಂಟಿ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ನಡೆದರು. ಅಮ್ಮನ ಕೈ ತಾನಾಗಿಯೇ ಮುಂದೆ ಬಂತು. ಬಟನ್ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಅಮ್ಮ ಅವಳನ್ನು ನೋಡಿದಳು, ಸಿಂಕನ್ನು ನೋಡಿದಳು. ಆಮೇಲೆ ಹೋಗಿ, ತುಂಬ ಕಷ್ಟಪಟ್ಟು, ಸೋಫಾದ ಮೇಲೆ ಕೂತಳು.

ಆಂಟಿ ಏನೋ ಗುನುಗುತ್ತ ತೊಳೆದರು. ಬಟನ್ ಪಕ್ಕದಲ್ಲಿ ನಿಂತು ಒರೆಸಿದಳು. ನಡುವೆ ಒಮ್ಮೆ ಎರಡು ಬೆರಳು ಬಾಯಿಗಿಟ್ಟು ಊದಿದಳು.

ಗಾಳಿಯೇ ಬಂತು. ಇರಲಿ. ಇನ್ನೂ ನಾಲ್ಕು ದಿನದ ತಟ್ಟೆಗಳು ಬಾಕಿಯಿದ್ದವು.