ತೊಳೆದ ಬಾಟಲಿ

“ಏ! ಮುಟ್ಟಬ್ಯಾಡ!”

ಮೋಕ್ಷಾ ಬೆಚ್ಚಿದಳು. ಬಾಟಲಿಯ ಮುಚ್ಚಳ ಕೈಜಾರಿ ಲ್ಯಾಬಿನ ನೆಲದ ಮೇಲೆ ಉರುಳಿತು.

“ಅದರ ಬಾಯಿಗೆ ಬೆರಳು ತಾಗಿದ್ರ ಎಲ್ಲಾ ಹಾಳು! ಅಷ್ಟೂ ಗೊತ್ತಿಲ್ಲೇನು?”

ಗದರಿದವನು ಸಂಗಮೇಶ. ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗ, ಕಾಪುವಿನ ಕೂಲಿಕಾರರ ಶೆಡ್ಡಿನಲ್ಲಿ ಬೆಳೆದವನು. ಸಿಟ್ಟು ಬಂದಾಗ, ಎದೆ ತುಂಬಿದಾಗ ಮಾತ್ರ ಅವನ ಬಾಯಲ್ಲಿ ಅವ್ವನ ಊರಿನ ಮಾತು ಬರುತ್ತಿತ್ತು. ಮೋಕ್ಷಾ ಅಲೆವೂರಿನವಳು. ಅದು 2003, ಇಬ್ಬರದೂ ಮಣಿಪಾಲದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎಸ್ಸಿ. ಲೊರ್ನಾ ಮೇಡಂ ತಮ್ಮ ಬಾವಿ ನೀರಿನ ಸಂಶೋಧನೆಗೆ ಇಡೀ ಕ್ಲಾಸಿನಲ್ಲಿ ಆರಿಸಿದ್ದು ಈ ಇಬ್ಬರನ್ನೇ.

ಮೋಕ್ಷಾ ಅತ್ತಳು. ವಾರವಿಡೀ ಮಾತು ಬಿಟ್ಟಳು. ಕೊನೆಗೆ ಅವನೇ ಸೋತ.

“ತಪ್ಪಾಯ್ತು ಮಾರಾಯ್ತಿ. ಇನ್ನು ಜನ್ಮದಲ್ಲಿ ನಿನ್ನ ತಪ್ಪು ಹುಡುಕುವುದಿಲ್ಲ. ಆಣೆ!”

ಅವಳು ನಕ್ಕುಬಿಟ್ಟಳು. ಆಮೇಲೆ ಕಾರ್ಕಳದಿಂದ ಉಚ್ಚಿಲದವರೆಗೆ ಬಾವಿ ಬಾವಿ ಸುತ್ತಿದರು. ಬಾಯಿಬಿಟ್ಟು ಹೇಳದಿದ್ದರೂ ಇಬ್ಬರಿಗೂ ಗೊತ್ತಿತ್ತು...

“ನಿಮ್ಮ ಶೆಡ್ಡಿನ ಬಾವಿ ನೀರೂ ತರುವ, ಅಲ್ವಾ?” ಎಂದವಳು ಅವಳೇ. ಅವನ ತಾಯಿ ಶರಣಮ್ಮ ಎಷ್ಟು ಹಿಗ್ಗಿದ್ದಳು!

ಫಲಿತಾಂಶ ಬಂತು. ನೀರಿನ ತುಂಬ ರೋಗಾಣು!

ಬಾವಿ ಶುಚಿ ಮಾಡಿಸಿ ಎಂದು ಮೇಡಂ ಜಾಗದ ಯಜಮಾನನಿಗೆ ಫೋನ್ ಮಾಡಿದರು. ಶೆಡ್ಡಿನವರನ್ನು ಎಬ್ಬಿಸಲು ನೆಪ ಹುಡುಕುತ್ತಿದ್ದ ಆಸಾಮಿ ಅವನು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಲಾರಿಗಟ್ಟಲೆ ಕಲ್ಲು ಸುರಿಸಿ ಬಾವಿಯನ್ನೇ ಮುಚ್ಚಿಸಿದ.

ಸಂಗಮೇಶ ಲ್ಯಾಬಿಗೆ ಬರುವುದನ್ನು ನಿಲ್ಲಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಮುಖ ತಿರುಗಿಸಿದ.

‘ನನ್ನನ್ನು ಕಂಡರೇ ಆಗುವುದಿಲ್ಲ ಇವನಿಗೆ... ನಾನೆಂತ ಮಾಡಿದೆ?’

ಮಾಡಿದ್ದೇನೆಂದು ತಿಳಿದದ್ದು ಸೆಮಿನಾರಿನ ತಯಾರಿಯಲ್ಲಿ.

“ನೀರು ತೆಗೆದ ಕ್ರಮ ಹೇಳು,” ಎಂದರು ಲೊರ್ನಾ ಮೇಡಂ.

“ಬೇರೆ ಕಡೆಯೆಲ್ಲ ಸಂಗಮೇಶನೇ ತೆಗೆದದ್ದು. ಕಾಪುವಿನಲ್ಲಿ ನಾನು ಬಾಟಲಿಯನ್ನು ಚೆನ್ನಾಗಿ ತೊಳೆದೆ ಮೇಡಂ. ಬಾವಿಕಟ್ಟೆಯ ಬಕೆಟಿನಲ್ಲಿ ನೀರಿತ್ತು, ಅದರಲ್ಲೇ...”

ಮೇಡಂ ಕನ್ನಡಕ ತೆಗೆದರು. “ತೊಳೆದದ್ದಾ? ನಾವು ಆವಿಯಲ್ಲಿ ಬೇಯಿಸಿ, ಮುಚ್ಚಿ ಕೊಟ್ಟ ಬಾಟಲಿಯನ್ನಾ?”

“ಮನೆಯಲ್ಲಿ ಕೊಡಪಾನ ತೊಳೆಯದೆ ತುಂಬಿಸಿದರೆ ಅಮ್ಮ ಬೈಯು...”

ಆಗಲೇ ಅವಳಿಗೆ ಹೊಳೆಯಿತು. ಅದು ಶೆಡ್ಡಿನವರೆಲ್ಲ ಕೈಕಾಲು ತೊಳೆಯುವ ಬಕೆಟು!

“ರೋಗಾಣು ಬಾವಿಯದೋ ಬಕೆಟಿನದೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ,” ಮೇಡಂ ಧ್ವನಿ ಕುಗ್ಗಿತ್ತು. “ಇನ್ನೊಮ್ಮೆ ಪರೀಕ್ಷೆ ಮಾಡದೆ ಫೋನ್ ಮಾಡಿದ ಪಾಪ ನನ್ನದು. ನಾಳೆ ನಾನೂ ಶೆಡ್ಡಿಗೆ ಹೋಗುತ್ತೇನೆ. ನೀನು ಈಗಲೇ ಹೋಗು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬುದ್ಧಿಯನ್ನು ಹೊತ್ತುಕೊಂಡು ಮೋಕ್ಷಾ ಕಾಪುವಿನ ಬಸ್ಸು ಹತ್ತಿದಳು.

ಶರಣಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಆ ಬಾವಿ ನೀರ ಕುಡಿಸಿ ಇವನ್ನ ದೊಡ್ಡಾವ ಮಾಡೇನವ್ವಾ,” ಎಂದಷ್ಟೇ ಹೇಳಿ, ಬಾಗಿಲಲ್ಲಿ ನಿಂತ ಮಗನತ್ತ ನೋಡಿ ಕೊಡ ಎತ್ತಿಕೊಂಡಳು. ಈಗ ಹೆದ್ದಾರಿ ದಾಟಿ ನಲ್ಲಿಗೆ ಹೋಗಬೇಕಿತ್ತು.

ಮೋಕ್ಷಾ ಆ ಕೊಡವನ್ನು ಅವಳ ಕೈಯಿಂದ ಕಸಿದುಕೊಂಡು ನಡೆದಳು. ಸಂಗಮೇಶ ಹಿಂದೆಯೇ ಬಂದ.

“ನೀ ಬಾಟಲಿ ತೊಳೆಯೋದನ್ನ ನಾ ನೋಡಿದ್ದೆ,” ಎಂದ.

ಅವಳು ರಸ್ತೆಯಂಚಿನಲ್ಲೇ ನಿಂತುಬಿಟ್ಟಳು. “ಎಂತ? ನೋಡಿಯೂ ಸುಮ್ಮನಿದ್ದೆಯಾ?”

“ಆಣೆ ಮಾಡಿದ್ದೆನಲ್ಲ... ತಪ್ಪು ಹೇಳಿದ್ರ ಮತ್ತ ಮಾತು ಬಿಡ್ತೀಯಂತ ಹೆದರಿದೆ. ಈಗ ಅವ್ವ ಇಷ್ಟು ದೂರ ನೀರು ಹೊರ್ತಾಳ. ನಿನ್ನ ಮುಖ ಹೆಂಗ ನೋಡ್ಲಿ?”

“ನಿನಗೆ ನನ್ನ ಮೇಲೆ ದ್ವೇಷ ಅಂತ ತಿಳಿದಿದ್ದೆ!”

“ದ್ವೇಷ ಇದ್ದಿದ್ರ ಅವತ್ತೇ ಬೈತಿದ್ದೆ. ಪ್ರೀತಿ ಇತ್ತು, ಅದಕ್ಕ ಬಾಯಿ ಮುಚ್ಚಿದೆ.”

ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಬಂದದ್ದು ಹೀಗೆ... ಮೋಕ್ಷಾ ಬಿಕ್ಕಿದಳು.

ನಲ್ಲಿಯ ಕೆಳಗೆ ಕೊಡ ಹಿಡಿದಳು. ತಳಕ್ಕೆ ಬಿದ್ದ ನೀರನ್ನು ಕಲಕಿ ಚೆಲ್ಲಲು ಹೋದ ಕೈ ತಟ್ಟನೆ ನಿಂತಿತು.

“ಸಂಗಮೇಶಾ... ತೊಳೆಯಲಾ?”

ಅವನ ಕಣ್ಣು ತುಂಬಿತು. “ತೊಳಿ ಮಾರಾಯ್ತಿ. ಕೊಡ ತೊಳೀಬೇಕು.”

“ಇನ್ನು ನಾನು ತಪ್ಪಿದರೆ ಬೈಯುತ್ತೀಯಲ್ಲ?”

“ಬೈತೀನಿ.”

“ಆಣೆ?”

“ಆಣೆ ಬ್ಯಾಡ,” ಎನ್ನುತ್ತಾ ಅವನು ಕೊಡದ ಇನ್ನೊಂದು ಬದಿ ಹಿಡಿದ. “ಬೈತೀನಿ, ಅಷ್ಟ.”