ಜಾರಿದ ಐದು ಚೆಂಡುಗಳು

ಐದನೆಯ ಚೆಂಡೂ ಕೈಯಿಂದ ಜಾರಿ ನೆಲಕ್ಕೆ ಬಿದ್ದಾಗ ಗಿರಿಧರ್ ಎರಡೂ ಗ್ಲೌಸ್ ಕಿತ್ತು ಎಸೆದು ಕೂಗಿದ.

"ಸರ್, ಇದಕ್ಕೆ ಯಾರೋ ಎಣ್ಣೆ ಹಚ್ಚಿದಾರೆ! ಕೊಬ್ಬರಿ ಎಣ್ಣೆ! ನಂಗೆ ಆ ವಾಸನೆನೇ ಆಗಲ್ಲ, ಮೂಸಿ ನೋಡಿ!"

ಎಲ್ಲರಿಗಿಂತ ಮೊದಲು ಓಡಿದವನು ವೆಂಕಟರಾಮು. ದೋಹಾದ ಶಮಾಲ್ ರೈಡರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಅವನು. ಮೊಟ್ಟೆಯಾಕಾರದ ಚೆಂಡಿನ ಆ ಆಟ ಅವನಿಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ಆ ಮಾತು ಬೇರೆ. ಅಂಚಿನಲ್ಲಿ ಓಡುತ್ತಾ ಹೋಗಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನೇ ರಿಸೀವರ್ ಎಂಬಷ್ಟು ಮಾತ್ರ ಗೊತ್ತು. ಕಪ್ಪು ಗ್ಲೌಸನ್ನು ಮೂಗಿಗೆ ಹಿಡಿದ. ಕೊಬ್ಬರಿ ಎಣ್ಣೆಯೇ, ಅನುಮಾನವಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಇದ್ದದ್ದು ಕೊನೆಯ ಆಯ್ಕೆ. ತಂಡದ ಮುಖ್ಯ ರಿಸೀವರ್‌ಗಳು ಆಗಲೇ ಆಯ್ಕೆಯಾಗಿದ್ದರು. ಬದಲಿ ರಿಸೀವರ್‌ಗೆಂದು ಎರಡು ಜಾಗ. ಒಂದನ್ನು ಲೆಬನಾನಿನವನೊಬ್ಬ ಗಿಟ್ಟಿಸಿಕೊಂಡಿದ್ದ. ಉಳಿದ ಒಂದಕ್ಕೆ ಗಿರಿಧರ್ ಮತ್ತು ರೋಶನ್. ಇಬ್ಬರಲ್ಲಿ ಯಾರು ಪಟ್ಟಿ ಸೇರುತ್ತಾರೆ ಎಂದು ಎರಡು ವಾರದಿಂದ ಕ್ಲಬ್ಬಿನಲ್ಲಿ ಅದೇ ಚರ್ಚೆ. ಗಿರಿಧರ್ ಎತ್ತರ, ಆಟ ಬಲ್ಲವನು ಎಂದು ಒಬ್ಬರೆಂದರೆ, ರೋಶನ್ನಿನ ಕಾಲಿನ ವೇಗ ಯಾರಿಗಿದೆ ಎಂದು ಇನ್ನೊಬ್ಬರು. ಕೋಚ್ ಯತಿರಾಜ್ ಬಾಯಿ ಬಿಟ್ಟಿರಲಿಲ್ಲ. ಒಬ್ಬೊಬ್ಬರಿಗೆ ಇಪ್ಪತ್ತು ಚೆಂಡು, ಎರಡು ಸುತ್ತು. ಮಧ್ಯಾಹ್ನ ಎರಡು ಗಂಟೆಗೆ ಪಟ್ಟಿ ಕಳಿಸಬೇಕು.

ಗಿರಿಧರ್ ಬೆಂಗಳೂರಿನ ಇಂಜಿನಿಯರ್. ಒಳ್ಳೆಯ ಆಫೀಸು, ಮುಐದರ್‌ನಲ್ಲಿ ಮನೆ, ಆಯ್ಕೆಯಾಗದಿದ್ದರೂ ಅವನ ಅನ್ನಕ್ಕೇನೂ ಕುತ್ತಿಲ್ಲ. ರೋಶನ್ ಉಡುಪಿ ಕಡೆಯ ಏಸಿ ಮೆಕ್ಯಾನಿಕ್. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ ಒಂದೇ ಕೋಣೆಗೆ ನಾಲ್ಕು ಜನ. ಅಲ್ಲಿ ವಾಲಿಬಾಲ್ ಆಡುತ್ತಿದ್ದವನ ಕೈ ನೋಡಿ, ಎರಡು ವರ್ಷ ಕೂತು ಈ ಆಟ ಕಲಿಸಿ ಕ್ಲಬ್ಬಿಗೆ ಕರೆತಂದವನೇ ಗಿರಿಧರ್. ಪಟ್ಟಿಯಲ್ಲಿ ಹೆಸರು ಬಂದರೆ ರೋಶನ್ನಿನ ವೀಸಾ ಕ್ಲಬ್ಬಿಗೇ ವರ್ಗವಾಗುತ್ತಿತ್ತು. ಬಾರದಿದ್ದರೆ ಭಾನುವಾರದಿಂದ ಮತ್ತೆ ಕಾದ ತಾರಸಿಗಳ ಮೇಲೆ ಸ್ಪ್ಯಾನರ್ ಹಿಡಿಯಬೇಕು. ಮೋಸಗಾರನೆಂಬ ಹೆಸರು ಅಂಟಿದರಂತೂ ಯಾವ ಕ್ಲಬ್ಬಿನ ಗೇಟೂ ಅವನಿಗೆ ತೆರೆಯುವುದಿಲ್ಲ.

"ವೆಂಕಟರಾಮು ಸರ್, ಮೇಡಂಗೆ ಒಂದು ಫೋನ್ ಮಾಡಿ," ಎಂದ ಯತಿರಾಜ್.

ಬಂತಲ್ಲ, ಮೇಡಂ! ವೆಂಕಟರಾಮುವಿಗೆ ಮೈಯೆಲ್ಲ ಉರಿಯಿತು. ಹೆಂಡತಿ ರತ್ನಪ್ರಭಾ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ಸತ್ಯಾಸತ್ಯ ನೋಡುವವಳು. ಕಳುವಾದ ಬಳೆಯಿಂದ ಹಿಡಿದು ಕಾಣೆಯಾದ ಗಂಡನವರೆಗೆ ದೋಹಾದ ಕನ್ನಡಿಗರಿಗೆ ಏನೇ ಒಗಟು ಬಂದರೂ ಅವಳೇ ಬೇಕು. ಮೈಸೂರಿನಿಂದ ಮೊದಲು ಇಲ್ಲಿಗೆ ಬಂದವನು ತಾನು, ಅವಳಿಗೆ ಊರು ತೋರಿಸಿದವನು ತಾನು. ಈಗ ಎಲ್ಲಿ ಹೋದರೂ "ಓ, ರತ್ನಪ್ರಭಾ ಮೇಡಂ ಯಜಮಾನ್ರಾ?" ಎನ್ನುತ್ತಾರೆ. ಅಂದು ಬೆಳಿಗ್ಗೆಯೇ ಅವನ ಹೊಟ್ಟೆ ಒಂದು ಸುತ್ತು ಉರಿದಿತ್ತು. ಪಾರ್ಕಿಂಗಿನಲ್ಲಿ ಗಿರಿಧರನ ಹೊಸ ಕಾರು ಕಂಡು ಗಾಜಿಗೆ ಹಣೆ ಒತ್ತಿ ಇಣುಕಿದ್ದ. ಚರ್ಮದ ಸೀಟು, ಟೀವಿಯಷ್ಟು ದೊಡ್ಡ ಪರದೆ, ಡ್ಯಾಶ್‌ಬೋರ್ಡಿನ ಮೇಲೆ ಬೆಳ್ಳಿ ಗಣಪತಿ, ಪಕ್ಕದಲ್ಲಿ ಸೆಂಟೋ ಏನೋ ಪುಟ್ಟ ನೀಲಿ ಬಾಟಲಿ. ತನ್ನ ಹಳೇ ಡಬ್ಬಾ ನೆನೆದು ನಿಟ್ಟುಸಿರು ಬಿಟ್ಟಿದ್ದ.

ಫೋನೇನೋ ಮಾಡಿದ. ಆದರೆ ಅವಳು ಅಲ್ ವಕ್ರಾದಿಂದ ಬಂದು ಮುಟ್ಟುವಷ್ಟರಲ್ಲಿ ತಾನೇ ಪತ್ತೆ ಹಚ್ಚಿಬಿಡಬೇಕೆಂದು ಹಟ ಹಿಡಿದು ಡ್ರೆಸ್ಸಿಂಗ್ ರೂಮಿಗೆ ನುಗ್ಗಿದ. ರೋಶನ್ನಿನ ಕಪಾಟು ತೆರೆದರೆ ಎದುರಿಗೇ ಕೊಬ್ಬರಿ ಎಣ್ಣೆ ಬಾಟಲಿ! ಇನ್ನೇನು ಬೇಕು?

ಹತ್ತೂವರೆಗೆ ರತ್ನಪ್ರಭಾ ಬಂದಾಗ ಅವನು ಎದೆಯುಬ್ಬಿಸಿ ನಿಂತಿದ್ದ.

"ಪ್ರಭಾ, ನೀನು ಸುಮ್ನೆ ಪೆಟ್ರೋಲ್ ಸುಟ್ಕೊಂಡು ಬಂದೆ. ಕೇಸು ಖಲಾಸ್. ನಿನ್ನೆ ಸಾಯಂಕಾಲ ಡ್ರೆಸ್ಸಿಂಗ್ ರೂಮಿನ ಏಸಿ ಕೆಟ್ಟಿತ್ತು. ರಿಪೇರಿಗೆ ಅಂತ ಒಬ್ಬನೇ ಒಳಗಿದ್ದವನು ರೋಶನ್. ಗ್ಲೌಸ್ ಅಲ್ಲೇ ನೇತಾಡ್ತಿತ್ತು. ಎಣ್ಣೆ ಅವನದೇ. ಇನ್ಯಾರು ಮಾಡ್ತಾರೆ?"

"ಪರವಾಗಿಲ್ವೇ, ಅರ್ಧ ಕೆಲಸ ಮುಗಿಸಿದೀರ," ಎಂದು ನಕ್ಕು ಒಳಗೆ ಹೋದಳು. ಆ 'ಅರ್ಧ' ಅವನಿಗೆ ಚುಚ್ಚಿತು.

ಒಳಗೆ ಮೈ ನಡುಗುವ ಚಳಿ. ಗೋಡೆಯ ಏಸಿ ಹದಿನೆಂಟು ಡಿಗ್ರಿ ತೋರಿಸುತ್ತಿತ್ತು. ರೋಶನ್ ಬೆಂಚಿನ ತುದಿಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ.

"ಮೇಡಂ, ನಾನು ಮುಟ್ಟಲೇ ಇಲ್ಲ. ದೇವರಾಣೆ. ಗಿರಿಯಣ್ಣ ನನಗೆ ಕಲಿಸಿದವರು, ಅವರಿಗೆ ನಾನು ಹಾಗೆ ಮಾಡ್ತೇನಾ?"

"ಏಸಿ ಯಾವಾಗಿಂದ ಓಡ್ತಿದೆಯಪ್ಪ?"

"ನಿನ್ನೆ ಏಳು ಗಂಟೆಗೆ ರಿಪೇರಿ ಮುಗೀತು. ಸರಿಯಾಗಿದೆಯಾ ನೋಡುವ ಅಂತ ಹದಿನೆಂಟಕ್ಕೆ ಇಟ್ಟು ಹೋದೆ. ಯಾರೂ ಆಫ್ ಮಾಡಲಿಲ್ಲ."

ಅವಳು ಅವನ ಎಣ್ಣೆ ಬಾಟಲಿಯನ್ನು ಎತ್ತಿ, ತಲೆಕೆಳಗು ಮಾಡಿ ನೋಡಿದಳು. ಆಮೇಲೆ ಸಾಮಾನು ಕೋಣೆ ನೋಡಿಕೊಳ್ಳುವ ಬೋಜನನ್ನು ಕರೆದು ಇನ್ನೊಂದು ಜೊತೆ ಕಪ್ಪು ಗ್ಲೌಸ್ ತರಿಸಿದಳು. ಬಾಟಲಿಯನ್ನು ಹೊರಗೆ ಬಿಸಿಲಿಗಿಟ್ಟು ಕರಗಿಸಿ, ಗ್ಲೌಸಿನ ಅಂಗೈಗೆ ಸವರಿ, ಡ್ರೆಸ್ಸಿಂಗ್ ರೂಮಿನಲ್ಲೇ ನೇತುಹಾಕಿದಳು.

"ಬೋಜಣ್ಣ, ಮೊದಲ ಸುತ್ತು ಹೆಂಗಾಯ್ತು?"

"ಗಿರಿಧರ್ ಸರ್ ಹತ್ತರಲ್ಲಿ ಎಂಟು ಹಿಡಿದ್ರು ಮೇಡಂ. ಆಮೇಲೆ ರೋಶನ್ ಒಂಬತ್ತು. ಎಂಥಾ ಕ್ಯಾಚ್ ಮಾರಾಯ್ರೆ, ನೋಡ್ಬೇಕಿತ್ತು ನೀವು!"

"ರೋಶನ್ ಆಡುವಾಗ ಗಿರಿಧರನ ಗ್ಲೌಸ್ ಎಲ್ಲಿತ್ತು? ಬೆಂಚಿನ ಮೇಲೆ ಬಿಟ್ಟಿದ್ನಾ?"

"ಇಲ್ಲಪ್ಪ. ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ರು. ಒಮ್ಮೆ ಕಾರಿಗೆ ಹೋಗಿ ಮೊಬೈಲ್ ತಂದ್ರು. ಆಗಲೂ ಸೊಂಟದಲ್ಲೇ ಇತ್ತು."

ರತ್ನಪ್ರಭಾ ಗಂಡನತ್ತ ತಿರುಗಿದಳು. "ರೀ, ದಿನಾ ಪಾರ್ಕಿಂಗಿನಲ್ಲಿ ಒಬ್ಬರ ಕಾರಿಗೆ ಇಣುಕ್ತೀರಲ್ಲ, ಇವತ್ತು ಬೆಳಿಗ್ಗೆ ಯಾರ ಕಾರು ನೋಡಿ ಹೊಟ್ಟೆ ಉರಿಸ್ಕೊಂಡ್ರಿ?"

"ಏನು ಮಾತೂಂತ ಆಡ್ತೀಯ!" ಎಂದು ವೆಂಕಟರಾಮು ಸಿಡುಕಿದ. ಆದರೂ ಕೇಳಿದ ಮೇಲೆ ಹೇಳದೆ ಇರಲಾಗಲಿಲ್ಲ. ಸೀಟು, ಪರದೆ, ಗಣಪತಿ, ನೀಲಿ ಬಾಟಲಿ, ಒಂದೂ ಬಿಡದೆ ವರ್ಣಿಸಿದ. ಅವಳು ಕೇಳಿ, ಹನ್ನೆರಡು ಗಂಟೆಗೆ ಎಲ್ಲರನ್ನೂ ಡ್ರೆಸ್ಸಿಂಗ್ ರೂಮಿಗೆ ಕರೆಸಿ ಎಂದಳು. ವಿಷಯವೇನೆಂದು ಅವನಿಗೂ ಹೇಳಲಿಲ್ಲ. ಅಷ್ಟು ಹೊತ್ತೂ ಅವನು ಮುಖ ಗಂಟಿಕ್ಕಿಕೊಂಡೇ ಓಡಾಡಿದ.

ಹನ್ನೆರಡಕ್ಕೆ ಐದೂ ಜನ ಸೇರಿದರು: ಯತಿರಾಜ್, ಗಿರಿಧರ್, ರೋಶನ್, ಬೋಜ, ಮತ್ತು ಬಾಗಿಲಿಗೊರಗಿ ವೆಂಕಟರಾಮು. ರತ್ನಪ್ರಭಾ ಶಾಲು ಬಿಗಿಯಾಗಿ ಹೊದ್ದು ಮಧ್ಯೆ ನಿಂತಳು.

"ನಿನ್ನೆ ಸಾಯಂಕಾಲ ರೋಶನ್ ಎಣ್ಣೆ ಹಚ್ಚಿದ ಅನ್ನೋದು ಎಲ್ಲರ ಲೆಕ್ಕ. ಹಾಗೇ ಆಗಿದ್ರೆ ಗ್ಲೌಸ್ ಇಡೀ ರಾತ್ರಿ ಈ ಚಳಿಯಲ್ಲಿ ನೇತಾಡಿರಬೇಕು. ಇದನ್ನ ನೋಡಿ." ಅವಳು ನೇತುಹಾಕಿದ್ದ ಗ್ಲೌಸನ್ನು ಎತ್ತಿ ಹಿಡಿದಳು. ಕಪ್ಪು ಅಂಗೈಯ ಮೇಲೆ ಎಣ್ಣೆ ಹೆಪ್ಪುಗಟ್ಟಿ, ಸುಣ್ಣ ಬಳಿದಂತೆ ಬೆಳ್ಳಗಿತ್ತು. "ಒಂದೇ ಗಂಟೆಯಲ್ಲಿ ಹಿಂಗಾಗಿದೆ. ಇಡೀ ರಾತ್ರಿ ಇದ್ದಿದ್ರೆ? ಗಿರಿಧರ್, ಬೆಳಿಗ್ಗೆ ಹಾಕ್ಕೊಳ್ಳೋವಾಗ ನಿಮ್ಮ ಗ್ಲೌಸ್ ಹಿಂಗಿತ್ತಾ?"

ಗಿರಿಧರ್ ತುಟಿ ಒದ್ದೆ ಮಾಡಿಕೊಂಡ. "ಗಮನಿಸಲಿಲ್ಲ."

"ಗಮನಿಸದೆ ಎಂಟು ಚೆಂಡು ಹಿಡಿದ್ರಿ. ಮೊದಲ ಸುತ್ತಿನಲ್ಲಿ ಗ್ಲೌಸ್ ಶುದ್ಧವಾಗಿತ್ತು. ಎಣ್ಣೆ ಬಿದ್ದಿದ್ದು ಎರಡು ಸುತ್ತಿನ ಮಧ್ಯೆ. ಆಗ ರೋಶನ್ ಎಲ್ಲಿದ್ದ, ಯತಿರಾಜ್?"

"ಫೀಲ್ಡ್‌ನಲ್ಲಿ ಮೇಡಂ," ಎಂದ ಯತಿರಾಜ್ ನಿಧಾನವಾಗಿ. "ಹತ್ತೂ ಚೆಂಡು ನಾನೇ ಎಸೆದೆ."

"ಅವನ ಬಾಟಲಿಯಂತೂ ಇಲ್ಲೇ ಇತ್ತು, ಕಲ್ಲಾಗಿ. ತಲೆಕೆಳಗು ಮಾಡಿದ್ರೂ ಒಂದು ತೊಟ್ಟು ಬೀಳಲಿಲ್ಲ. ಅಂದ್ಮೇಲೆ ಇನ್ನೊಂದು ಬಾಟಲಿ ಬೇಕು, ಕರಗಿದ ಎಣ್ಣೆ ಇರೋದು. ಏಸಿ ಮನೆಯಲ್ಲಿ ಎಣ್ಣೆ ಗಟ್ಟಿಯಾದ್ರೆ ನಾವಿಲ್ಲಿ ಏನು ಮಾಡ್ತೀವಿ? ಒಲೆ ಹಚ್ತೀವಾ? ಕಾರಿನ ಡ್ಯಾಶ್‌ಬೋರ್ಡ್ ಮೇಲಿಡ್ತೀವಿ, ಬಿಸಿಲಿಗೆ ತಾನೇ ಕರಗುತ್ತೆ. ಈ ಊರಿಗೆ ಬಂದ ಮೇಲೆ ಎಲ್ಲರೂ ಕಲಿತ ಅಭ್ಯಾಸ. ಅದೇ ಅಭ್ಯಾಸ ಗಿರಿಧರನನ್ನ ಹಿಡಿದುಕೊಡ್ತು. ಹಚ್ಚಿದ ಮೇಲೆ ಬಾಟಲಿ ಬಚ್ಚಿಡಬೇಕು ಅಂತಲೂ ಹೊಳೀಲಿಲ್ಲ. ದಿನಾ ಇಡೋ ಜಾಗವಲ್ವೇ, ಕಣ್ಣಿಗೇ ಬೀಳಲ್ಲ."

"ನನ್ನ ಗ್ಲೌಸಿಗೆ ನಾನೇ ಹಚ್ಕೋತೀನಾ? ತಲೆ ಕೆಟ್ಟಿದೆಯಾ?" ಗಿರಿಧರ್ ಎದ್ದು ನಿಂತ.

"ಗ್ಲೌಸ್ ನಿಮ್ಮ ಸೊಂಟ ಬಿಟ್ಟು ಹೋಗಲೇ ಇಲ್ಲ. ಬೇರೆಯವರು ಹಚ್ಚೋದಾದ್ರೂ ಹೇಗೆ? ರೋಶನ್ ಮೋಸಗಾರ ಅಂತಾದ್ರೆ ಅವನು ಆಚೆ, ಜಾಗ ನಿಮಗೆ. ಇನ್ನೊಂದು ವಿಷಯ. ಕೈ ಜಾರಿದ್ರೆ ಯಾವ ಆಟಗಾರನೇ ಆಗಲಿ, ಎರಡನೇ ಚೆಂಡಿಗೇ ಅಂಗೈ ನೋಡ್ಕೋತಾನೆ, ಟವೆಲ್ಲಿಗೆ ಒರೆಸ್ಕೋತಾನೆ. ನೀವು ಐದು ಬಿಡೋವರೆಗೂ ನೋಡಲಿಲ್ಲ. ಆ ವಾಸನೆಯೇ ಆಗಲ್ಲ ಅಂದ್ರಿ. ಹಾಗಾದ್ರೆ ಡ್ಯಾಶ್‌ಬೋರ್ಡಿನ ನೀಲಿ ಬಾಟಲಿಯಲ್ಲಿರೋದೇನು? ಬೀಗದ ಕೈ ಕೊಡಿ, ಬೋಜಣ್ಣ ಹೋಗಿ ತರಲಿ."

ಗಿರಿಧರ್ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಕೀ ಹೊರಗೆ ಬರಲಿಲ್ಲ. ಅವನು ದೊಪ್ಪನೆ ಕೂತ.

"ಬಾಟಲಿ ಕಂಡದ್ದು ಇವರ ಕಣ್ಣಿಗೆ," ಎಂದು ರತ್ನಪ್ರಭಾ ಗಂಡನನ್ನು ತೋರಿಸಿದಳು. "ಇವರು ಹೇಳದಿದ್ರೆ ನನಗೆ ಕೊನೆ ಗಂಟು ಬಿಚ್ಚುತ್ತಿರಲಿಲ್ಲ."

ಯತಿರಾಜ್ ಮೆಚ್ಚುಗೆಯಿಂದ ತಿರುಗಿದ. "ಏನ್ ಸರ್ ನಿಮ್ಮ ಕಣ್ಣು!"

ಎಷ್ಟು ವರ್ಷದಿಂದ ಕಾದಿದ್ದ ಮಾತು! ಕೇಳಿದರೆ ಹಾಲು ಕುಡಿದಷ್ಟು ತಂಪಾಗಬೇಕಿತ್ತು. ಆದರೆ ಎದುರಿಗೆ ಕುಗ್ಗಿ ಕೂತ ಗಿರಿಧರನ ಮುಖ ನೋಡಿ ವೆಂಕಟರಾಮುವಿಗೆ ನಾಚಿಕೆಯಾಯಿತು. ಆ ಮುಖ ಅವನಿಗೆ ಹೊಸದಲ್ಲ, ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡದ್ದೇ.

"ಪತ್ತೆ ಹಚ್ಚೋಕೆ ಅಂತ ನೋಡಿದ್ದಲ್ಲ," ಎಂದ ಅವನು. "ಇವನ ಹೊಸ ಕಾರು ನೋಡಿ ಹೊಟ್ಟೆ ಉರೀತು, ಅದಕ್ಕೆ ಇಣುಕಿದೆ. ರೋಶನ್ ಕಳ್ಳ ಅಂದಿದ್ದೂ ಅಷ್ಟೇ. ಪ್ರಭಾ ಬರೋದ್ರೊಳಗೆ ನಾನು ಗೆಲ್ಲಬೇಕಿತ್ತು. ಅವನ ಬಾಟಲಿ ಎತ್ತಿ ನೋಡೋಷ್ಟು ತಾಳ್ಮೆಯೂ ಇರಲಿಲ್ಲ. ತಪ್ಪಾಯ್ತು ರೋಶನ್."

ರತ್ನಪ್ರಭಾ ಗಂಡನನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿದಳು.

ಗಿರಿಧರ್ ತಲೆ ಎತ್ತದೆ ಬಾಯಿ ಬಿಟ್ಟ. "ಎಣ್ಣೆ ತಂದಿದ್ದೆ. ಬಳಸಲೇಬೇಕು ಅಂತಿರಲಿಲ್ಲ. ಇವನು ಆ ಒಂಬತ್ತನೇದನ್ನ ಹಾರಿ ಒಂದೇ ಕೈಯಲ್ಲಿ ಹಿಡಿದ ನೋಡಿ... ಹಾಗೆ ಹಿಡಿಯೋದನ್ನ ನಾನೇ ಕಲಿಸಿದ್ದು. ನನಗೇ ಒಂದು ದಿನವೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದ್ರು. ಕಾಲು ತಾನಾಗೇ ಕಾರಿನ ಕಡೆ ಹೋಯ್ತು ಸರ್."

ಯತಿರಾಜ್ ಜೇಬಿನಿಂದ ಪಟ್ಟಿ ತೆಗೆದು, ಖಾಲಿಯಿದ್ದ ಕೊನೆಯ ಸಾಲಿನಲ್ಲಿ ರೋಶನ್ ಹೆಸರು ಬರೆದ. ಬೋಜ "ಯಲ್ಲಾ, ಬಾ ಮಾರಾಯ" ಎಂದು ಬೆನ್ನು ತಟ್ಟಿದರೂ ರೋಶನ್ ಏಳಲಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಗಿರಿಯಣ್ಣ," ಎಂದ. "ಈ ಜಾಗ ನನಗೆ ಬೇಕು ಮಾರಾಯ ಅಂತ. ನಾನೇ ಬಿಟ್ಟುಕೊಡ್ತಿದ್ದೆ."

"ಗೊತ್ತು ಕಣೋ," ಎಂದ ಗಿರಿಧರ್. "ನೀನು ಬಿಟ್ಟುಕೊಡ್ತೀಯ ಅಂತ ಗೊತ್ತಿತ್ತು. ಅದನ್ನೇ ನನ್ನ ಕೈಲಿ ತಡ್ಕೊಳ್ಳೋಕಾಗ್ತಿರಲಿಲ್ಲ."