ಕುಂದಲಹಳ್ಳಿ ಬೂಷ್ಟಿಗೊಂದು ಹೆಸರು

"ಆ ಚೀಲ ಕೆಳಗಿಡಿ ಮೇಡಂ. ನಮ್ ಮಣ್ಣು ಒಂದ್ ಹಿಡಿನೂ ಆಚೆ ಓಗಲ್ಲ."

ಕುಂದಲಹಳ್ಳಿಯ ಒಂದು ತೋಟದಲ್ಲಿ, ಟೊಮ್ಯಾಟೊ ಸಸಿ ಮಡಿಯ ಪಕ್ಕ ಕೂತು ನನ್ನ ಸಂಶೋಧನೆಗೆಂದು ಮಣ್ಣು ಕೆದಕುತ್ತಿದ್ದ ನಾನು ತಲೆ ಎತ್ತಿದೆ. ಕೈಕಟ್ಟಿ ನಿಂತಿದ್ದವನು ತೋಟದ ಯಜಮಾನ ನಲ್ಲಪ್ಪ. ಅದು ೧೯೮೪. ಆ ಕಡೆ ಮಣ್ಣು ಮುಟ್ಟಿದವರೆಲ್ಲ ಫ್ಯಾಕ್ಟರಿಗೆ ಜಮೀನು ಹಿಡಿಯಲು ಬಂದವರೇ ಎಂದು ಜನ ನಂಬಿದ್ದ ಕಾಲ.

"ನಿಮ್ ಜಮೀನು ಯಾರಿಗ್ರೀ ಬೇಕು? ನಿಮ್ ಸಸಿ ಕೊಳೆಸ್ತಿರೋ ಬೂಷ್ಟು ಬೇಕು ನಂಗೆ!" ಎಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

"ಅಂಗಾ? ಸರಿ, ನನ್ ಕಣ್ಮುಂದೆನೇ ಇಡೀರಿ, ನೋಡಾಣ."

ಅವನ ಜಗಲಿಯ ಮೇಲೆಯೇ ತಟ್ಟೆಯಲ್ಲಿ ಮಣ್ಣಿಟ್ಟು, ಬಾವಿ ನೀರು ಸುರಿದು, ಬೇಯಿಸಿದ ಎಳ್ಳು ತೇಲಿಬಿಟ್ಟೆ. ಈ ಬೂಷ್ಟು ನೀರಿನಲ್ಲಿ ಈಜುವ ಮರಿಗಳನ್ನು ಬಿಡುತ್ತದೆ. ಅವು ಎಳ್ಳಿನ ಆಸೆಗೆ ಬಂದು ಅಂಟಿಕೊಳ್ಳುತ್ತವೆ. ಇದನ್ನು ವಿವರಿಸುವ ಮೊದಲೇ ಅವನ ತಾಯಿ ಪಿಳ್ಳಮ್ಮ ಹೊರಗೆ ಬಂದರು.

"ಅಯ್ಯೋ! ಯಾರ್ ಸತ್ರು ಅಂತ ನಮ್ ಜಗಲಿ ಮ್ಯಾಲೆ ಎಳ್ಳುನೀರು ಬಿಡ್ತಿದೀಯವ್ವಾ?"

ನಲ್ಲಪ್ಪ ಕಂಬ ಹಿಡಿದುಕೊಂಡು ನಕ್ಕ. ನಕ್ಕರೆ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಮೂರನೆಯ ದಿನ ಎಳ್ಳಿನ ಸುತ್ತ ಬಿಳಿ ನವಿರು ಮೂಡಿತ್ತು. ಲ್ಯಾಬಿನಲ್ಲಿ ಅದನ್ನು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೀಜಕದ ಮೈತುಂಬ ಬಾಗಿದ ಮುಳ್ಳು! ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ.

ನನ್ನ ಗೈಡ್ ಹನುಮಂತರಾಯಪ್ಪನವರು ಕನ್ನಡಕ ಒರೆಸಿದರು. "ಹೊಸ ಜಾತಿ ಅಂತೀಯ. ಈಜೋ ಮರಿ ತೋರಿಸಮ್ಮ ಈಶ್ವರಮ್ಮ, ಒಪ್ತೀನಿ. ಇಲ್ಲಾಂದ್ರೆ ಹಳೇ ಹೆಸರೇ ಬರೆದು ಮಾರ್ಚಿಗೆ ಥೀಸಿಸ್ ಕೊಟ್ಬಿಡು."

ಐದು ತಿಂಗಳು ಲ್ಯಾಬಿನಲ್ಲಿ ಒದ್ದಾಡಿದೆ. ಒಂದು ಮರಿಯೂ ಈಜಲಿಲ್ಲ. ದಾಸರಹಳ್ಳಿಯ ನಮ್ಮ ಮನೆಯಲ್ಲಿ, ಪೀಣ್ಯದಲ್ಲಿ ಲೇತ್ ಓಡಿಸುವ ಅಣ್ಣ ಆಗಲೇ ವರ ನೋಡಿಟ್ಟಿದ್ದ.

"ಮಾರ್ಚಿಗೆ ಮುಗೀಲಿಲ್ಲಾಂದ್ರೆ ಓದಿದ್ದು ಸಾಕು. ಹಳೇ ಹೆಸರು ಬರೆದ್ರೆ ನಿನ್ ಗಂಟೇನ್ ಹೋಗುತ್ತೆ?"

"ಸುಳ್ಳು ಹೆಸರೂ ಬರೆಯಲ್ಲ, ನೀನ್ ನೋಡಿರೋನ್ನೂ ಕಟ್ಕೊಳಲ್ಲ," ಎಂದೆ. ಅಣ್ಣ ತಟ್ಟೆ ತಳ್ಳಿ ಎದ್ದುಹೋದ.

ಮತ್ತೆ ಮಣ್ಣಿಗೆಂದು ಕುಂದಲಹಳ್ಳಿಗೆ ಹೋದಾಗ, ಮರಿ ಈಜದ್ದು, ಅಣ್ಣನ ಹಟ ಎಲ್ಲ ಹೇಳಿಕೊಂಡು ನಲ್ಲಪ್ಪನ ಮುಂದೆ ಅತ್ತೇಬಿಟ್ಟೆ. ಅವನು ಹೆಗಲ ಮೇಲಿನ ಟವೆಲ್ ಕೊಟ್ಟ. ನಾನು ಮೂಗು ಒರೆಸಿಕೊಂಡಿದ್ದನ್ನು ನೋಡಿಯೂ ನೋಡದವನಂತೆ ಕೇಳಿದ.

"ಅಲ್ಲಿ ಯಾವ್ ನೀರಾಕ್ತೀರ ಅದುಕ್ಕೆ?"

"ಡಿಸ್ಟಿಲ್ಡ್ ವಾಟರ್. ನಿಮ್ ಬಾವಿಗಿಂತ ನೂರು ಪಾಲು ಶುದ್ಧ."

"ಟ್ರ್ಯಾಕ್ಟರ್ ಬ್ಯಾಟ್ರಿಗಾಕೋ ನೀರಾ? ಅದ್ರಲ್ಲಿ ಏನೈತೆ ಅಂತ ಮರಿ ಆಕ್ತದೆ? ಬಾವಿ ನೀರಲ್ಲಿ ಬೆಳ್ದಿದ್ದು ಅದು!"

ಮರುದಿನ ಬೆಳಗ್ಗೆ ಮೂರು ಬಸ್ಸು ಬದಲಾಯಿಸಿ, ಹೆಗಲ ಮೇಲೆ ಬಾವಿ ನೀರಿನ ಕ್ಯಾನು ಹೊತ್ತು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಶರ್ಟು ಅರ್ಧ ನೆನೆದಿತ್ತು. ಆ ಕ್ಷಣ ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಥ್ಯಾಂಕ್ಸ್ ಹೇಳೋದು ಮರೆತು ಅವನ ಹೆಗಲಿನ ಕ್ಯಾನು ನಾನೇ ಇಳಿಸಿಕೊಂಡೆ.

ನೀರು ಸೋಸಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮರಿಗಳು ಒಂದರ ಹಿಂದೊಂದು ಹೊರಬಿದ್ದು ಈಜತೊಡಗಿದವು. ಹನುಮಂತರಾಯಪ್ಪನವರು ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದರು. "ಹೊಸದೇ ಕಣಮ್ಮ. ಹೆಸರಿಡು," ಎಂದರು.

ಅವತ್ತು ಸಂಜೆಯೇ ನಲ್ಲಪ್ಪನ ತೋಟಕ್ಕೆ ಓಡಿದೆ.

"ಕಂಡುಹಿಡಿದೋರು ತಮ್ ಹೆಸರೇ ಇಟ್ಕೊಳ್ಳೋ ಹಾಗಿಲ್ಲ. ನಿಮ್ಮ ಹೆಸರಿಡ್ಲಾ?"

"ಸಸಿ ಸಾಯ್ಸೋ ರೋಗುಕ್ಕೆ ನನ್ನೆಸ್ರಾ? ಬ್ಯಾಡಪ್ಪಾ, ಊರೆಸ್ರು ಇಡಿ."

"ಸರಿ. ಆದ್ರೆ ನಿಮ್ಮ ಹೆಸರು ನಂಗೆ ಇನ್ನೊಂದ್ ಕಡೆ ಬೇಕು."

"ಎಲ್ಲಿ?"

"ನಮ್ ಲಗ್ನಪತ್ರಿಕೆಲಿ."

ಅವನ ಕೈಯಲ್ಲಿದ್ದ ಸಸಿ ಕೆಳಗೆ ಬಿತ್ತು. "ನಿಮ್ಮಣ್ಣ ಒಪ್ತಾರಾ?"

"ಅಣ್ಣನ್ನ ನಾನೆಲ್ಲಿ ಕೇಳ್ದೆ? ನಿಮ್ಮನ್ನ ಕೇಳ್ತಿದೀನಿ."

ನಲ್ಲಪ್ಪ ಮನೆಯ ಕಡೆ ತಿರುಗಿ, ಇಡೀ ಕುಂದಲಹಳ್ಳಿಗೆ ಕೇಳುವಂತೆ ಕೂಗಿದ:

"ಅವ್ವೋ! ನಿನ್ ಸೊಸೆ ಬಂದವ್ಳೆ, ಆಚೆ ಬಾ!"